ಎಣ್ಣೆ ಕುಡಿಯದ ಮೇಜು

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅದಕ್ಕೆ ಚೌಕಟ್ಟು ಇತ್ತು, ಬಾಗಿಲು ಇರಲಿಲ್ಲ. ಹೊತ್ತು ಗೊತ್ತು ನೋಡದೆ ಯಾರು ಬೇಕಾದರೂ ಒಳಗೆ ಬರಬಹುದಿತ್ತು. ಒಮ್ಮೆ ಒಬ್ಬ ಕಳ್ಳ ಬಂದು, ಕದಿಯಲು ಏನೂ ಸಿಗದೆ, ಹೊಟ್ಟೆ ತುಂಬ ಉಂಡು ಹೋದನಂತೆ.

ಅಲ್ಲಿನ ಗುರು ಶಿವಗಂಗವ್ವ. ವಯಸ್ಸಾದ ಹೆಂಗಸು. ಮಾತು ಕಡಿಮೆ, ನಗು ಜಾಸ್ತಿ. ಸುತ್ತಿನ ಊರವರೆಲ್ಲ ಅವರನ್ನು ಅವ್ವಾರು ಎಂದು ಕರೆಯುತ್ತಿದ್ದರು.

ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ದೇವರ ಕೋಣೆಯಲ್ಲ, ಊಟದ ಮೇಜು. ದಪ್ಪ ಹಲಗೆಯ, ಉದ್ದನೆಯ, ಕರ್ರಗಾದ ಮೇಜು. ಬೇರೆ ಆಶ್ರಮಗಳಲ್ಲಿ ನೆಲದ ಮೇಲೆ ಪಂಕ್ತಿ ಕೂರುತ್ತಾರೆ, ಇಲ್ಲಿ ಮಾತ್ರ ಮೇಜು. ಯಾಕೆಂದು ಯಾರೂ ಕೇಳಿರಲಿಲ್ಲ. ಹಸಿದವರಿಗೆ ಅಂಥ ಪ್ರಶ್ನೆ ಹೊಳೆಯುವುದಿಲ್ಲ, ಉಂಡವರಿಗೆ ನಿದ್ದೆ ಬರುತ್ತದೆ.

ಆ ಮೇಜಿಗೆ ಒಂದು ರೂಢಿ ಇತ್ತು. ಅದರ ತುದಿಯಲ್ಲಿ ಒಂದು ಬಟ್ಟಲು ಅಗಸೆ ಎಣ್ಣೆ, ಪಕ್ಕದಲ್ಲಿ ಒಂದು ಅರಿವೆಯ ತುಂಡು. ಉಂಡವರು ತಮ್ಮ ಪತ್ರಾವಳಿ ಎತ್ತಿ, ಜಾಗ ಒರೆಸಿ, ಅರಿವೆಯನ್ನು ಎಣ್ಣೆಯಲ್ಲಿ ಅದ್ದಿ, ತಾವು ಉಂಡಷ್ಟು ಅಗಲದ ಮರಕ್ಕೆ ತಿಕ್ಕುತ್ತಿದ್ದರು. ತಿಕ್ಕುತ್ತ "ಮುಂದ ಬರೋರಿಗೆ" ಎನ್ನುತ್ತಿದ್ದರು.

ಅಷ್ಟೇ ಆ ಆಶ್ರಮದ ಮಂತ್ರ. ಬೇರೆ ಮಂತ್ರ ಕೊಡಿ ಎಂದು ಬಂದವರನ್ನು ಅವ್ವಾರು ಊಟಕ್ಕೆ ಕೂಡಿಸುತ್ತಿದ್ದರು.

ಮೌನೇಶ ಅಲ್ಲಿನ ಶಿಷ್ಯ. ಬಡಿಗೇರ ಮನೆತನದವನು. ಅವನ ತಂದೆ ಸಾಯುವ ಮುಂಚೆ ಮಗನ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಯಾರ ಋಣಾನೂ ಇಟ್ಕೋಬ್ಯಾಡ."

ಮಗ ಆ ಮಾತನ್ನು ಮೊಳೆ ಹೊಡೆದಂತೆ ಎದೆಯಲ್ಲಿ ಕೂಡಿಸಿಕೊಂಡಿದ್ದ.

ಆಶ್ರಮಕ್ಕೆ ಬಂದ ದಿನ ಅವನು ಹಸಿವಿನಿಂದ ತೂರಾಡುತ್ತಿದ್ದ. ಅವ್ವಾರು ಮುಂದೆ ರೊಟ್ಟಿ ಇಟ್ಟರು.

"ಉಂಡು ಬಂದೀನ್ರಿ" ಎಂದ ಮೌನೇಶ.

ಅವನ ಹೊಟ್ಟೆ ಬೇರೆಯೇ ಏನೋ ಹೇಳಿತು. ಅದು ಅಡುಗೆಮನೆಯವರೆಗೂ ಕೇಳಿಸಿತು.

"ಹಂಗಾದ್ರ ಮೊದಲ ಏನರ ಕೆಲಸಾ ಹೇಳ್ರಿ. ಕೊಡ್ಲಿ ಎಲ್ಲೈತಿ? ಕಟಗಿ ಒಡೀತೀನಿ, ಆಮ್ಯಾಲ ಉಣ್ತೀನಿ."

ಅವ್ವಾರು ಕೊಡಲಿ ತೋರಿಸಿದರು. ಅವನು ಕಟ್ಟಿಗೆ ಒಡೆದು, ಬೆವರು ಸುರಿಸಿ, ಆಮೇಲೆ ಉಂಡ. ರೊಟ್ಟಿ ತಣ್ಣಗಾಗಿತ್ತು.

ಅಂದಿನಿಂದ ಅವನು ಒಂದು ಹೊತ್ತೂ ಕೆಲಸ ಮಾಡದೆ ಉಂಡವನಲ್ಲ. ವರುಷಗಳು ಕಳೆದರೂ ಬಿಸಿ ರೊಟ್ಟಿಯ ರುಚಿ ಅವನಿಗೆ ಗೊತ್ತಿರಲಿಲ್ಲ. ಅಡುಗೆಯ ಯಮನವ್ವ ಅದನ್ನೇ ಹೇಳಿ ಹಂಗಿಸುತ್ತಿದ್ದಳು: "ಇಂವಗ ರೊಟ್ಟಿ ಬಡಿಯೂದಕಿಂತ ಹಂಚಿನ ಕಲ್ಲ ಕೊಟ್ಟರ ಛಲೋ."

ಹೀಗಿರುವಾಗ ಹೊಳೆಯ ಆಚೆ ದಂಡೆಯ ಊರವರು ಬಂದರು.

"ಅವ್ವಾರ, ನಮ್ಮ ಕಡೆ ಹಾದಿ ಹಿಡದ ಹೋಗೋರಿಗೆ ಒಂದ ತುತ್ತ ಸಿಗೂದಿಲ್ಲ. ಒಂದ ಮನಿ ಕಟ್ಟೀವಿ. ಅಡಿಗಿ ಒಲಿ ಐತಿ. ಸಾಗವಾನಿ ಬಾಗಲಾ, ಹಿತ್ತಾಳಿ ಚಿಲಕಾ ಹಾಕೀವಿ. ನಿಮ್ಮ ಕಡೆಯವರ ಒಬ್ಬರನ ಕಳಸ್ರಿ."

ಅವ್ವಾರು ಮೌನೇಶನತ್ತ ನೋಡಿದರು.

"ಹೋಗ್ತಿಯೇನೋ?"

ಮೌನೇಶನ ಎದೆ ಉಬ್ಬಿತು. ಮರುಕ್ಷಣ ಹಿಂಜರಿಯಿತು.

"ಹೋಗ್ತೀನ್ರಿ. ಆದ್ರ ಹಿಂಗ ಹ್ಯಾಂಗ ಹೋಗ್ಲಿ? ಇಷ್ಟ ವರ್ಷ ಈ ಮನಿ ಅನ್ನಾ ಉಂಡೀನಿ. ಋಣಾ ತೀರಿಸಿ ಹೋಗ್ತೀನಿ."

"ಎಷ್ಟೈತಿ ಋಣಾ?"

"ಲೆಕ್ಕ ಇಲ್ರಿ."

"ಲೆಕ್ಕ ಇಲ್ಲದ್ದನ್ನ ತೀರಸ್ತಿ. ಶಾಣ್ಯಾ ಇದ್ದಿ."

"ಈ ಊಟದ ಮೇಜು ಹೊಸಾದು ಮಾಡಿ ಕೊಡ್ತೀನ್ರಿ. ಕರ್ರಗ ಆಗೇತಿ, ಚಕ್ಕಿ ಎದ್ದೈತಿ. ಮಾಡ್ಲೇನು?"

ಅವ್ವಾರು ಮೇಜಿನ ಮೇಲೆ ಅಂಗೈ ಇಟ್ಟರು.

"ಮಾಡು. ಕಲಿಯೂದ ಇದ್ರ ಕಲಿಬೇಕಲ್ಲ."

ಆ ಕೊನೆಯ ಮಾತು ಮೌನೇಶನ ಕಿವಿಗೆ ಬೀಳಲಿಲ್ಲ. ಅವನಾಗಲೇ ಮರ ಹೆರೆಯುವ ತಂದೆಯ ಕೀಸುಳಿ ತರಲು ಓಡಿದ್ದ.

ಮೇಜನ್ನು ಅಂಗಳದ ಬೇವಿನ ಮರದ ಕೆಳಗೆ ಹೊರಿಸಿದ. ಯಮನವ್ವ ಕೈ ಜೋಡಿಸಲು ಬಂದಳು.

"ಬ್ಯಾಡ. ನಾನ ಮಾಡ್ತೀನಿ. ಇದು ನನ್ನ ಋಣಾ."

ಕೀಸುಳಿ ಓಡಿತು. ಕಪ್ಪು ಸಿಪ್ಪೆ ಸುರುಳಿ ಸುರುಳಿಯಾಗಿ ಕಾಲಬುಡದಲ್ಲಿ ಬಿತ್ತು. ಎಣ್ಣೆ ಕುಡಿದು ಕುಡಿದು ಕಪ್ಪಾದ ಪದರು ಅದು. ಅದರಿಂದ ಅಗಸೆ ಚಟ್ನಿಯ ವಾಸನೆ ಬರುತ್ತಿತ್ತು. ಕೆಳಗೆ ಬೆಲ್ಲದ ಬಣ್ಣದ ಮರ ಕಂಡಿತು.

ಮೇಜಿನ ಒಂದು ಅಂಚಿನಲ್ಲಿ ಚೌಕಾಕಾರದ ತಗ್ಗುಗಳಿದ್ದವು. ಎದುರು ಅಂಚಿನಲ್ಲಿ ಬೆರಳು ಹೋಗುವಷ್ಟು ಒಂದು ತೂತು. ಮೌನೇಶ ಮುಖ ಸಿಂಡರಿಸಿದ.

"ಯಾವ ಹೆಡ್ಡ ಮಾಡಿದ ಮೇಜೋ ಇದು!"

ಮರದ ಪುಡಿಗೆ ಅಂಟು ಕಲಸಿ ತಗ್ಗು, ತೂತು ಎಲ್ಲ ಮೆತ್ತಿದ. ಪಾಲಿಶ್ ಕಾಗದದಿಂದ ಉಜ್ಜಿದ. ಆಮೇಲೆ ಪೇಟೆಯಿಂದ ತಂದ ವಾರ್ನಿಶ್ ಹಚ್ಚಿದ. ಒಣಗಿದ ಮೇಲೆ ಮತ್ತೆ ಹಚ್ಚಿದ, ಮತ್ತೂ ಹಚ್ಚಿದ.

ಮೇಜು ಕನ್ನಡಿಯಂತಾಯಿತು. ಯಮನವ್ವ ಅದರಲ್ಲಿ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡಳು.

"ಭಾರಿ ಆಗೇತಿ ಬಿಡಪಾ" ಎಂದಳು. ಅವಳು ಹೊಗಳುವುದು ಅಪರೂಪ, ಮೌನೇಶನಿಗೆ ನೆಲ ಕಾಣಲಿಲ್ಲ.

ಎಣ್ಣೆಯ ಬಟ್ಟಲು, ಅರಿವೆ ಎರಡನ್ನೂ ಅವನೇ ಎತ್ತಿ ಅಡುಗೆಮನೆಯ ಮಾಡದಲ್ಲಿ ಇಟ್ಟುಬಿಟ್ಟ. ಇನ್ನು ಅದರ ಕೆಲಸ ಏನು?

ಮೊದಲ ದಿನ ಊಟಕ್ಕೆ ಬಂದವರಲ್ಲಿ ಬಳೆಗಾರ ದಸ್ತಗೀರಸಾಬ ಇದ್ದ. ಊರೂರು ತಿರುಗಿ ಬಳೆ ತೊಡಿಸುವ ಮುದುಕ. ಈ ದಾರಿಯಲ್ಲಿ ಬಂದಾಗಲೆಲ್ಲ ಇಲ್ಲೇ ಅವನ ಊಟ. ಅವನಿಗೆ ಅವನದೇ ಒಂದು ಜಾಗ, ಮೇಜಿನ ಈ ತುದಿ.

ಉಂಡ. ಪತ್ರಾವಳಿ ಎತ್ತಿದ. ಜಾಗ ಒರೆಸಿದ. ಎಣ್ಣೆಗಾಗಿ ಕೈ ಚಾಚಿದ. ಕೈಗೆ ಬಟ್ಟಲು ಸಿಗಲಿಲ್ಲ.

"ಎಣ್ಣಿ ಬ್ಯಾಡ್ರಿ ಕಾಕಾ" ಎಂದ ಮೌನೇಶ, ಹೆಮ್ಮೆಯಿಂದ. "ಇನ್ನ ಮ್ಯಾಲ ಯಾರೂ ತಿಕ್ಕೂದು ಬೇಕಾಗಿಲ್ಲ. ಎಲ್ಲಾರ ಪಾಲಿಂದೂ ನಾನ ಮಾಡಿಬಿಟ್ಟೀನಿ."

ದಸ್ತಗೀರಸಾಬ ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತ.

"ಹಂಗಾದ್ರ ನಾ ಹ್ಯಾಂಗ ಏಳ್ಲಿ ತಮ್ಮಾ?"

"ಅಂದ್ರ?"

"ಉಂಡು ಹಂಗ ಎದ್ದು ಹೋಗೂದ? ನಾ ಏನ ಭಿಕ್ಷಾ ಬೇಡಾಕ ಬಂದೀನೇನು?"

ಯಮನವ್ವ ಒಳಗಿನಿಂದ ಎಣ್ಣೆ ತಂದುಕೊಟ್ಟಳು. ಮುದುಕ ತಿಕ್ಕಿದ. ಎಣ್ಣೆ ಒಳಗೆ ಇಳಿಯಲಿಲ್ಲ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಆಚೀಚೆ ಜಾರಿತು. ಇನ್ನೂ ಒತ್ತಿ ತಿಕ್ಕಿದ. ಕೊನೆಗೆ ತನ್ನ ಹೆಗಲ ಮೇಲಿನ ವಸ್ತ್ರದಿಂದ ಎಣ್ಣೆಯನ್ನು ತಾನೇ ಒರೆಸಿ ತೆಗೆದ.

"ನನ್ನ ಎಣ್ಣಿ ಒಲ್ಲೆ ಅಂತು ನೋಡ್ರಿ" ಎಂದು ನಕ್ಕು, ಬಳೆಯ ಮಲಾರ ಹೆಗಲಿಗೇರಿಸಿ ಹೊರಟ.

ಅವ್ವಾರು ಎಲ್ಲವನ್ನೂ ನೋಡಿದರು.

ಬರಬರುತ್ತ ಮೇಜಿನ ಸುತ್ತ ಮಂದಿ ಕಡಿಮೆಯಾದರು. ಬಂದವರೂ ಬೇಗ ಬೇಗ ಉಂಡು, ಯಾರ ಮುಖವನ್ನೂ ನೋಡದೆ ಎದ್ದು ಹೋಗುತ್ತಿದ್ದರು. ಮೊದಲು ಉಂಡ ಮೇಲೆ ತಿಕ್ಕುತ್ತ ನಿಂತು ನಾಲ್ಕು ಮಾತಾಡುತ್ತಿದ್ದವರು ಈಗ ಕೈ ತೊಳೆದು ಹಾದಿ ಹಿಡಿಯುತ್ತಿದ್ದರು. ಅನ್ನ ಅದೇ, ಸಾರು ಅದೇ.

ಒಂದು ಮಧ್ಯಾಹ್ನ ದಸ್ತಗೀರಸಾಬ ಆಶ್ರಮದ ಮುಂದೆಯೇ ಹಾದುಹೋದ. ಮೌನೇಶ ಓಡಿ ಹೋಗಿ ಕರೆದ.

"ಕಾಕಾ, ಊಟಕ್ಕ ಬರ್ರಿ."

"ಉಂಡು ಬಂದೀನಿ ತಮ್ಮಾ."

ಮುದುಕನ ತುಟಿ ಒಣಗಿತ್ತು. ಹೊಟ್ಟೆ ಬೆನ್ನಿಗೆ ಹತ್ತಿತ್ತು.

ಮೌನೇಶ ಮತ್ತೆ ಕರೆಯಲಿಲ್ಲ. ಆ ಮಾತು ಅವನಿಗೆ ಗೊತ್ತಿತ್ತು. ಅದು ಅವನದೇ ಮಾತು. ಒಬ್ಬ ಹಸಿದ ಮನುಷ್ಯ ಅನ್ನದ ಮನೆಯ ಮುಂದೆ ನಿಂತು ಸುಳ್ಳು ಹೇಳಬೇಕಾದರೆ ಅವನ ಒಳಗೆ ಎಷ್ಟು ನೋವಿರಬೇಕು ಎಂಬುದು ಅವನಷ್ಟು ಬಲ್ಲವರು ಯಾರಿದ್ದರು?

ಮೌನೇಶ ಅವ್ವಾರ ಮುಂದೆ ಬಂದು ಕುಳಿತ.

"ಅವ್ವಾರ, ಮೇಜು ಚಂದ ಆಗೇತಿ ಅಂತ ಎಲ್ಲಾರೂ ಅಂತಾರ. ಮತ್ತ ಯಾಕ ದೂರ ಸರ್ಯಾಕತ್ಯಾರ?"

ಅವ್ವಾರು ಎದ್ದರು. ಎಣ್ಣೆಯ ಬಟ್ಟಲು ತಂದು ಒಂದು ಅಂಗೈ ಎಣ್ಣೆಯನ್ನು ಮೇಜಿನ ಮೇಲೆ ಸುರಿದರು.

"ಕುಡಸು."

ಮೌನೇಶ ತಿಕ್ಕಿದ. ಎಣ್ಣೆ ಜಾರಿತು. ಮತ್ತೆ ತಿಕ್ಕಿದ. ಅಂಚಿನಿಂದ ಕೆಳಗೆ ತೊಟ್ಟಿಕ್ಕಿತು.

"ಕುಡಿವಲ್ದರಿ."

"ಯಾಕ?"

"ಮ್ಯಾಲ ವಾರ್ನಿಶ್ ಐತಲ್ರಿ."

"ಈ ಮೇಜು ಬಂದೋರಿಗೆಲ್ಲಾ ಅನ್ನಾ ಕೊಡ್ತೈತಿ?"

"ಕೊಡ್ತೈತ್ರಿ."

"ಯಾರ ಕೈಲಿಂದಾದ್ರೂ ಏನರ ತಗೋತೈತಿ?"

ಮೌನೇಶ ತೊಟ್ಟಿಕ್ಕುತ್ತಿದ್ದ ಎಣ್ಣೆಗೆ ಅಂಗೈ ಒಡ್ಡಿದ.

"ಮೇಜಿಗೂ ನಿನ್ನ ಗುಣಾ ಬಂತು ನೋಡು" ಎಂದರು ಅವ್ವಾರು. "ಇನ್ನ ಆಚೆ ದಂಡಿಗೆ ಹೋಗಿ ಮಂದಿಗೆ ಉಣ್ಣಾಕ ಹಾಕಾಂವ ನೀನು. ಪಾಪ ಮಂದಿ."

ಅವರು ಬೈದಿರಲಿಲ್ಲ. ದನಿಯಲ್ಲಿ ನಗುವೇ ಇತ್ತು. ಆದರೂ ಮೌನೇಶನಿಗೆ ಕಣ್ಣು ತುಂಬಿ ಬಂದವು.

"ನಾ ಹೋಗಾಕ ಲಾಯಕ್ಕ ಇಲ್ಲೇನ್ರಿ?"

"ಮೇಜ ಕೇಳು" ಎಂದರು ಅವ್ವಾರು, ಎದ್ದು ಹೋದರು.

ಮಾಡಿದ್ದುಣ್ಣೋ ಮಹರಾಯ. ಮರುದಿನ ಬೆಳಿಗ್ಗೆ ಮೇಜು ಮತ್ತೆ ಬೇವಿನ ಮರದ ಕೆಳಗೆ ಬಂತು. ಈ ಸಲ ಮೌನೇಶ ಕೀಸುಳಿ ಮುಟ್ಟಲಿಲ್ಲ. ಒಡೆದ ಗಾಜಿನ ಚೂರು ಹಿಡಿದು ಕೂತ. ವಾರ್ನಿಶ್ ಕೆರೆಯಲು ಅದೇ ಸರಿ ಎಂದು ಅವನ ತಂದೆ ಕಲಿಸಿದ್ದರು. ಗಾಜಿನಿಂದ ಕೆರೆಯುವ ಕೆಲಸಕ್ಕೆ ಅವಸರ ಆಗಿಬರುವುದಿಲ್ಲ. ಅವಸರ ಮಾಡಿದವರ ಬೆರಳು ಕೊಯ್ಯುತ್ತದೆ.

ಬಿಸಿಲು ಏರಿತು. ಯಮನವ್ವ ಹಂಚಿನಿಂದ ಈಗಷ್ಟೇ ತೆಗೆದ ಜೋಳದ ರೊಟ್ಟಿ, ಮೇಲೊಂದು ಬೆಣ್ಣೆಯ ಉಂಡೆ ತಂದು ಅವನ ಮುಂದೆ ಹಿಡಿದಳು.

"ಕೆಲಸಾ ಇನ್ನಾ ಅರ್ಧಾನೂ ಆಗಿಲ್ಲವ್ವಾ" ಎಂದ ಮೌನೇಶ.

"ಬೆಣ್ಣಿ ಕರಗಾಕತ್ತೈತಿ. ಅದಕ್ಕೇನ ಗೊತ್ತು ನಿನ್ನ ಕೆಲಸಾ?"

ಮೌನೇಶ ರೊಟ್ಟಿಯನ್ನು ನೋಡಿದ. ಬೆಣ್ಣೆ ಅಂಚಿಗೆ ಹರಿಯುತ್ತಿತ್ತು. ಗಾಜಿನ ಚೂರು ಕೆಳಗಿಟ್ಟ. ಕೈ ಒರೆಸಿಕೊಂಡು ಒಂದು ತುತ್ತು ಮುರಿದು ಬಾಯಿಗಿಟ್ಟ.

ನಾಲಿಗೆ ಸುಟ್ಟಿತು. ಎಷ್ಟು ರುಚಿ!

ಈ ಹೆಂಗಸು ಇಷ್ಟು ವರುಷ ಇಂಥ ರೊಟ್ಟಿಯನ್ನೇ ತನಗೆ ಬಡಿಯುತ್ತಿದ್ದಳು. ತಾನೇ ಅದನ್ನು ತಣ್ಣಗೆ ಮಾಡಿ ತಿನ್ನುತ್ತಿದ್ದ. ಅವನಿಗೆ ನಗುವೂ ಬಂತು, ಅಳುವೂ ಬಂತು. ಯಮನವ್ವನ ಮೇಲೆ, ಒಲೆಯ ಮೇಲೆ, ಜೋಳ ಬೆಳೆದ ಯಾರೋ ಏನೋ ಅವರ ಮೇಲೆಲ್ಲ ಪ್ರೀತಿ ಉಕ್ಕಿತು.

"ಇನ್ನೊಂದ ಐತೇನು?" ಎಂದ.

ಯಮನವ್ವ ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು "ಹೊಗಿ, ಹೊಗಿ" ಎನ್ನುತ್ತ ಒಳಗೆ ಓಡಿದಳು. ಅಂಗಳದಲ್ಲಿ ಹೊಗೆ ಎಲ್ಲಿತ್ತೋ ಅವಳೇ ಬಲ್ಲಳು.

ಉಂಡ ಮೇಲೆ ಅವಳೂ ಒಂದು ಗಾಜಿನ ಚೂರು ಹಿಡಿದು ಎದುರಿಗೆ ಕೂತಳು. ಮೌನೇಶ ಬೇಡ ಎನ್ನಲಿಲ್ಲ.

ಸಂಜೆಯ ಹೊತ್ತಿಗೆ ಅಂಚು ಕೆರೆಯುವಾಗ ಅವನು ಮೆತ್ತಿದ್ದ ಮರದ ಪುಡಿ ಕಿತ್ತು ಬಂತು. ತಗ್ಗುಗಳು ಮತ್ತೆ ಬಾಯಿ ಬಿಟ್ಟವು. ಅವನು ಸುಮ್ಮನೆ ಬೆರಳಾಡಿಸಿದ. ಬೆರಳು ನಿಂತಿತು.

ಬಿಜಾಗರಿ ಕೂಡಿಸಲು ಕೊರೆದ ತಗ್ಗು ಅದು. ಬಾಗಿಲನ್ನು ಚೌಕಟ್ಟಿಗೆ ಹಿಡಿದಿಡುವ ಬಿಜಾಗರಿ. ಎದುರಿನ ತೂತು ಚಿಲಕದ್ದು. ಅಪ್ಪನ ಕೈಕೆಳಗೆ ಅಂಥ ಎಷ್ಟು ತಗ್ಗು ಕೊರೆದಿದ್ದನೋ! ಮೇಜೆಂದು ನೋಡಿದ್ದಕ್ಕೆ ಮೇಜಾಗಿಯೇ ಕಂಡಿತ್ತು.

ಎದ್ದು ಆಶ್ರಮದ ಚೌಕಟ್ಟಿನ ಹತ್ತಿರ ಹೋದ. ಸುಣ್ಣ ತುಂಬಿದ ತಗ್ಗುಗಳು ಅಲ್ಲಿಯೂ ಇದ್ದವು. ಅಷ್ಟೇ ಎತ್ತರಕ್ಕೆ, ಅಷ್ಟೇ ಅಗಲಕ್ಕೆ.

"ಅವ್ವಾರ! ಇದು ಬಾಗಲಾ!"

ಅವ್ವಾರು ಕಟ್ಟೆಯ ಮೇಲೆ ಕಾಳು ಆರಿಸುತ್ತ ಕೂತಿದ್ದರು.

"ಹೌದು."

"ಕಿತ್ತಾವರ ಯಾರ್ರಿ?"

"ನಮ್ಮ ಗುರುಗಳು, ಅಜ್ಜಾರು. ನನಗಾಗ ನಿನ್ನಷ್ಟ ವಯಸ್ಸು. ಹೊಳಿ ತುಂಬಿ ಬಂದಿತ್ತು. ಮಂದಿ ಮಕ್ಕಳನ ಹೊತಗೊಂಡು ಈ ದಿಬ್ಬದ ಮ್ಯಾಲ ಬಂದ್ರು. ನೀರ ಇಲ್ಲಿಗೂ ಏರಿ ಇಳೀತು, ಒಳಗೆಲ್ಲಾ ಮೊಣಕಾಲ ಮಟ ರಾಡಿ. ಗಂಜಿ ಕುದಸಿದ್ವಿ. ಕುಂತ ಉಣ್ಣಾಕ ಒಂದ ಗೇಣ ಒಣ ನೆಲಾ ಇಲ್ಲ."

"ಆಮ್ಯಾಲ್ರಿ?"

"ಅಜ್ಜಾರು ಬಾಗಲಾ ಕಿತ್ತರು. ಕಲ್ಲ ಪೇರಿಸಿ ಅದರ ಮ್ಯಾಲ ಅಡ್ಡ ಹಾಕಿದ್ರು. ಬಡಸ್ರಿ, ಅಂದ್ರು. ಉಂಡ ಮ್ಯಾಲ ಒಬ್ಬಾಕಿ ಮುದುಕಿ ನೋಡಿದ್ಲು, ಬಾಗಲಾ ನೀರಾಗ ನೆನದ ಬಿರುಕ ಬಿಡ್ತೈತಿ ಅಂತ. ಆಕಿ ಹತ್ರ ಉಳದದ್ದು ಒಂದ ಬಾಟ್ಲಿ ಅಗಸಿ ಎಣ್ಣಿ. ಅದನ್ನ ಹಚ್ಚಿದ್ಲು."

ಮೌನೇಶ ತನ್ನ ಕೈಗೆ ಹತ್ತಿದ ವಾರ್ನಿಶಿನ ಪುಡಿಯನ್ನು ನೋಡಿಕೊಂಡ. ಅವನು ಕೀಸಿ ಎಸೆದ ಪದರಿನ ತೀರ ಕೆಳಗೆ ಆ ಮುದುಕಿಯ ಎಣ್ಣೆ ಇತ್ತು.

"ನಾ ಎಲ್ಲಾ ಕೆತ್ತಿ ತಗದ್ನಲ್ರಿ ಅವ್ವಾರ."

"ಮರಾ ಐತಲ್ಲ. ಮಂದೀನೂ ಅದಾರ. ಮತ್ತ ಹಚ್ತಾರ."

"ಹೊಳಿ ಇಳದ ಮ್ಯಾಲ ಬಾಗಲಾ ತಿರುಗಿ ಯಾಕ ಹಚ್ಚಲಿಲ್ರಿ?"

"ನಾನೂ ಕೇಳಿದೆ. ಅಜ್ಜಾರ, ಬಾಗಲಾ ಯಾವಾಗ ಹಚ್ಚೂದು? ಎಲ್ಲಾರದೂ ಊಟ ಆದ ಮ್ಯಾಲ, ಅಂದ್ರು."

ಅವ್ವಾರು ಹಾದಿಯತ್ತ ಕಣ್ಣು ಹಾಯಿಸಿದರು. ತಲೆಯ ಮೇಲೆ ಗಂಟು ಹೊತ್ತ ಯಾರೋ ಇಬ್ಬರು ಆಶ್ರಮದ ಕಡೆಗೇ ಬರುತ್ತಿದ್ದರು.

"ಇನ್ನೂ ಆಗಿಲ್ಲ ನೋಡು" ಎಂದು ಅವರು ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದರು.

ಮೇಜು ಬರಿಯ ಮರವಾಗಿ ಒಳಗೆ ಬಂತು. ಮೌನೇಶ ಅದಕ್ಕೆ ಏನೂ ಹಚ್ಚಲಿಲ್ಲ. ಎಣ್ಣೆಯ ಬಟ್ಟಲನ್ನು ತೊಳೆದು, ತುಂಬಿಸಿ, ಹಳೆಯ ಜಾಗದಲ್ಲಿ ಇಟ್ಟ.

ದಸ್ತಗೀರಸಾಬ ಹಿಂತಿರುಗಿ ಹೋಗುವ ದಿನ ಮೌನೇಶ ಬೆಳಿಗ್ಗೆಯಿಂದಲೇ ಹಾದಿಯಲ್ಲಿ ನಿಂತಿದ್ದ.

"ಉಂಡು ಬಂದೀನಿ ತಮ್ಮಾ" ಎಂದ ಮುದುಕ, ಅವನು ಬಾಯಿ ತೆರೆಯುವ ಮೊದಲೇ.

"ನಾ ಊಟಕ್ಕ ಕರ್ಯಾಕ ಬಂದಿಲ್ರಿ ಕಾಕಾ. ನನಗ ನಿಮ್ಮಿಂದ ಒಂದ ಉಪಕಾರ ಆಗಬೇಕು."

ಹುಟ್ಟಿದಾಗಿನಿಂದ ಯಾರಿಗೂ ಹೇಳದ ಮಾತು ಅದು.

"ಮೇಜು ಒಣಗೇತಿ. ಹಿಂಗ ಬಿಟ್ರ ಬಿರುಕ ಬಿಡ್ತೈತಿ. ಅದಕ್ಕ ಎಣ್ಣಿ ಬೇಕು. ಮೊದಲನೇ ಕೈ ನಿಮ್ಮದಾಗ್ಲಿ."

ಮುದುಕ ಅವನ ಮುಖವನ್ನು ಓದುವವನಂತೆ ನೋಡಿದ.

"ಉಣ್ಣದ ಹಚ್ಚೂದು ರೂಢಿ ಇಲ್ಲಲ್ಲೋ ತಮ್ಮಾ."

"ರೂಢಿ ಬಿಡಬಾರದ್ರಿ" ಎಂದ ಮೌನೇಶ.

ದಸ್ತಗೀರಸಾಬ ತನ್ನ ತುದಿಯಲ್ಲಿ ಕೂತು ಉಂಡ. ಎರಡು ಸಲ ಬಡಿಸಿಕೊಂಡ. ಪತ್ರಾವಳಿ ಎತ್ತಿ, ಜಾಗ ಒರೆಸಿ, ಅರಿವೆ ಅದ್ದಿದ. ಬಳೆ ತೊಡಿಸಿ ತೊಡಿಸಿ ಮೆತ್ತಗಾದ ಕೈ, ಮರದ ಮೇಲೆ ಮೆಲ್ಲಗೆ ಓಡಿತು.

ಮರ ಎಣ್ಣೆ ಕುಡಿಯಿತು. ಗಟಗಟನೆ ಎಂಬಂತೆ ಕುಡಿಯಿತು. ಬೆಲ್ಲದ ಬಣ್ಣ ಒಂದೇ ಕಡೆ ಗಾಢವಾಗಿ, ಒಬ್ಬನೇ ಒಬ್ಬನ ಊಟದಷ್ಟು ಅಗಲ ಹೊಳೆಯಿತು.

"ಮುಂದ ಬರೋರಿಗೆ" ಎಂದ ಮುದುಕ. ಅವನ ಮುಖವೂ ಹೊಳೆಯುತ್ತಿತ್ತು.

ಮೌನೇಶ ಅದರ ಪಕ್ಕದಲ್ಲೇ ಕೂತು ಉಂಡ. ಅಂದು ಅವನು ಕಟ್ಟಿಗೆ ಒಡೆದಿರಲಿಲ್ಲ, ನೀರು ಸೇದಿರಲಿಲ್ಲ. ಉಂಡು ಎದ್ದು, ತನ್ನಷ್ಟಗಲ ಜಾಗಕ್ಕೆ ಎಣ್ಣೆ ತಿಕ್ಕಿದ. ಅದಕ್ಕಿಂತ ಒಂದು ಬೆರಳೂ ಹೆಚ್ಚಿಗೆ ತಿಕ್ಕಲಿಲ್ಲ.

ಅವ್ವಾರು ದೂರದಿಂದ ನೋಡಿದರು.

"ನಾಳೆ ನಾವೆ ಬರ್ತೈತಿ" ಎಂದರು. "ಗಂಟ ಕಟ್ಟು."

ಮರುದಿನ ಹೊಳೆಯ ಕಟ್ಟೆಗೆ ಎಲ್ಲರೂ ಬಂದಿದ್ದರು. ಯಮನವ್ವ ರೊಟ್ಟಿಯ ಗಂಟು ಕೊಟ್ಟಳು. ದಸ್ತಗೀರಸಾಬ ಒಂದು ಬಾಟಲಿ ಅಗಸೆ ಎಣ್ಣೆ ಕೊಟ್ಟ. ಮೌನೇಶ ಎರಡನ್ನೂ ಎರಡು ಕೈಯಲ್ಲಿ ತೆಗೆದುಕೊಂಡ. ಹಿಂತಿರುಗಿ ಏನು ಕೊಡಲಿ ಎಂದು ಅವನ ಕಣ್ಣು ಈ ಸಲ ಹುಡುಕಲಿಲ್ಲ.

ಅವ್ವಾರ ಪಾದ ಮುಟ್ಟಿದ.

"ಋಣಾ ತೀರಲಿಲ್ರಿ ಅವ್ವಾರ" ಎಂದ. ಹೇಳುವಾಗ ಅವನು ನಗುತ್ತಿದ್ದ. ಕಣ್ಣಲ್ಲಿ ನೀರಿತ್ತು.

"ಛಲೋ ಆತು."

ಅವನು ನಾವೆ ಹತ್ತಿದ. ಅಂಬಿಗ ಹುಟ್ಟು ಎತ್ತಿದ. ಅಷ್ಟರಲ್ಲಿ ಮೌನೇಶನಿಗೆ ಏನೋ ನೆನಪಾಯಿತು. ಅಲ್ಲಿಂದಲೇ ಕೂಗಿದ.

"ಅವ್ವಾರ! ಆ ದಂಡ್ಯಾಗ ಒಲಿ ಐತಿ, ಪಾತ್ರಿ ಅದಾವ. ಎಣ್ಣೀನೂ ಸಿಕ್ತು. ಮೇಜ ಇಲ್ಲಲ್ರಿ. ಮಂದೀನ ಎಲ್ಲಿ ಕುಂದ್ರಸ್ಲಿ?"

ಅವ್ವಾರು ನೀರಿಗೆ ಇಳಿದು ಬಂದು ನಾವೆಯ ಅಂಚು ಹಿಡಿದರು.

"ಬಾಗಲಾ ಹಚ್ಯಾರಂದ್ರಲ್ಲೋ?"

"ಹೌದ್ರಿ. ಸಾಗವಾನಿದು. ಹಿತ್ತಾಳಿ ಚಿಲಕದ್ದು."

ಅವ್ವಾರು ನಾವೆಯನ್ನು ಹೊಳೆಗೆ ನೂಕಿದರು.

"ಹಂಗಾದ್ರ ಮೇಜ ಐತಿ, ಹೋಗು."